ಪುಟ್ಟ ವ್ಯಾಗನ್‌ಗೆ ಹೊಸ ಕಾಲು, ಹೊಸ ಕೈ

ಕನ್ನಡದ ದಿನಬಳಕೆಯಲ್ಲಿ ‘ಬೋಗಿ’ ಎಂದರೆ ಇಡೀ ಡಬ್ಬಿ. ರೈಲ್ವೆ ವರ್ಕ್‌ಶಾಪಿನೊಳಗೆ ಹೋದರೆ ಅರ್ಥವೇ ಬೇರೆ. ಅಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಅತ್ತಿತ್ತ ತಿರುಗುವ, ಗಾಲಿಗಳನ್ನು ಹಿಡಿದಿಟ್ಟ ಚೌಕಟ್ಟು. ಅಮೆರಿಕದವರು ಇದನ್ನೇ ‘ಟ್ರಕ್’ ಎನ್ನುತ್ತಾರೆ. ಮಾದರಿ ರೈಲಿನ ಬಿಡಿಭಾಗಗಳ ಪಟ್ಟಿಯಲ್ಲಿ ಟ್ರಕ್ ಎಂದು ಕಂಡಾಗ ಲಾರಿಯನ್ನು ನೆನೆಯಬಾರದು, ಈ ಚೌಕಟ್ಟನ್ನು ನೆನೆಯಬೇಕು. ಇನ್ನು ಕಪ್ಲರ್ ಎಂದರೆ ವ್ಯಾಗನ್‌ಗೆ ವ್ಯಾಗನ್ ಸೇರಿಸುವ ಕೊಂಡಿ.

ಇಲ್ಲಿನ ಲೆಕ್ಕವೆಲ್ಲ ಎಚ್‌ಒ ಅಳತೆಯದು: ಮಾದರಿ ನಿಜದ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಎನ್ ಅಳತೆಯಲ್ಲಿ ಅದು 160ನೇ ಒಂದು ಪಾಲು, 9 ಮಿ.ಮೀ. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಹಳೆಯ ಮಾದರಿ ವ್ಯಾಗನ್ ಕೈಗೆ ಬಂದವರು ಮೊದಲು ಕೇಳುವುದು ‘ಇದೇ ಕಂಪನಿಯ ಭಾಗ ಎಲ್ಲಿ ಸಿಗುತ್ತದೆ?’ ಎಂದು. ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಕಂಪನಿ ಮುಚ್ಚಿರಬಹುದು, ಆ ಭಾಗದ ತಯಾರಿಕೆ ನಿಂತಿರಬಹುದು. ಅದಕ್ಕಾಗಿ ಅಲೆಯಬೇಕಾಗಿಲ್ಲ. ಬೇಕಾದದ್ದು ಅಳತೆ, ಅದರಲ್ಲೂ ಒಂದೇ ಒಂದು ಅಳತೆ ಎಲ್ಲಕ್ಕಿಂತ ಮುಖ್ಯ. ಹಳಿಯ ತಲೆಯಿಂದ ಕೊಂಡಿಯ ನಡುಮಧ್ಯದವರೆಗಿನ ಎತ್ತರ ಅದು. ಎಚ್‌ಒದಲ್ಲಿ ಇದು 25/64 ಇಂಚು, ಅಂದರೆ ಸುಮಾರು 9.9 ಮಿ.ಮೀ. ಬೋಗಿ ಬದಲಿಸಿದರೂ ಕೊಂಡಿ ಬದಲಿಸಿದರೂ ಕೊನೆಗೆ ಮುಟ್ಟಬೇಕಾದ ಗುರುತು ಇದೇ.

ಕೊಂಡಿಯ ಕಥೆ ಸ್ವಾರಸ್ಯದ್ದು. ಅಮೆರಿಕದ ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ಕೊಂಡಿ, ಬೆರಳು ಮಡಚಿದ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡಂತೆ ಬೀಗಿಕೊಳ್ಳುತ್ತದೆ. ಅದಕ್ಕೂ ಮೊದಲು ಕೆಲಸಗಾರರು ಎರಡು ವ್ಯಾಗನ್‌ಗಳ ನಡುವೆ ನಿಂತು ಕೈಯಿಂದಲೇ ಪಿನ್ನು ಸಿಕ್ಕಿಸುತ್ತಿದ್ದರು; ಬೆರಳು, ಕೈ, ಪ್ರಾಣ ಕಳೆದುಕೊಂಡವರು ಬಹಳ. 1893ರ ಸುರಕ್ಷತಾ ಕಾಯ್ದೆ ತಾನಾಗಿ ಬೀಗಿಕೊಳ್ಳುವ ಕೊಂಡಿಯನ್ನು ಕಡ್ಡಾಯ ಮಾಡಿತು.

ಮಾದರಿ ರೈಲಿಗೆ ಆ ‘ಕೈ’ ಬರಲು ಕಾಲ ಹಿಡಿಯಿತು. 1950ರ ದಶಕದ ಕೊನೆಯಿಂದ ಅಗ್ಗದ ಸೆಟ್‌ಗಳಲ್ಲೆಲ್ಲ ಎಕ್ಸ್‌2ಎಫ್ ಎಂಬ ಪ್ಲಾಸ್ಟಿಕ್ ಕೊಕ್ಕೆ ತುಂಬಿಕೊಂಡಿತು. ರೈಲನ್ನು ಹಿಂದಕ್ಕೆ ತಳ್ಳಿದಾಗ ಅದು ವ್ಯಾಗನ್ನನ್ನು ಪಕ್ಕಕ್ಕೆ ಒತ್ತುತ್ತದೆ. ಅಗ್ಗದ ಸೆಟ್‌ಗಳಲ್ಲಿ ಕೊಕ್ಕೆ ಬೋಗಿಗೇ ಅಂಟಿಕೊಂಡಿರುವುದರಿಂದ ತಳ್ಳುವ ಬಲವೆಲ್ಲ ಬೋಗಿಯನ್ನು ಓರೆಯಾಗಿಸುತ್ತದೆ, ತಿರುವಿನಲ್ಲಿ ಗಾಲಿ ಹಳಿ ಹತ್ತಿ ಇಳಿದುಬಿಡುತ್ತದೆ. ಕೊಂಡಿಯನ್ನು ಬೋಗಿಯಿಂದ ಬಿಡಿಸಿ ವ್ಯಾಗನ್ನಿನ ತಳಕ್ಕೆ, ಪುಟ್ಟ ಪೆಟ್ಟಿಗೆಯೊಳಗೆ, ಕೂರಿಸುವುದೇ ಇದಕ್ಕೆ ಮದ್ದು.

ಆ ಜಾಗಕ್ಕೆ ಹೆಚ್ಚಿನವರು ಆರಿಸುವುದು ಕೇಡಿ ಕಂಪನಿಯ ಕೊಂಡಿ. ಅಮೆರಿಕದ ಒರೆಗಾನ್ ರಾಜ್ಯದ ಅವಳಿ ಸೋದರರು ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನೇ ಕಂಪನಿಗಿಟ್ಟರು. ಕೊಂಡಿಯ ಕೆಳಗೆ ಗಾಳಿಕೊಳವೆಯಂತೆ ಇಳಿಬಿದ್ದ ಬಾಗಿದ ತಂತಿಯೊಂದಿದೆ. ಹಳಿಗಳ ನಡುವೆ ಹೂತಿಟ್ಟ ಅಯಸ್ಕಾಂತದ ಮೇಲೆ ವ್ಯಾಗನ್‌ಗಳು ನಿಂತು ಎಳೆತ ಸಡಿಲಾದೊಡನೆ ಎರಡು ತಂತಿಗಳೂ ಒಂದೊಂದು ಪಕ್ಕಕ್ಕೆ ಸರಿದು ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಎಂಜಿನ್ ಸ್ವಲ್ಪ ಹಿಂದೆ ಸರಿದು ಮತ್ತೆ ತಳ್ಳಿದರೆ ಬೆರಳುಗಳು ಓರೆಯಾಗಿಯೇ ಉಳಿದು ಕೂಡಿಕೊಳ್ಳುವುದಿಲ್ಲ. ಬೇಕಾದಲ್ಲಿಗೆ ತಳ್ಳಿ ಬಿಟ್ಟುಬರಬಹುದು. ಬ್ಯಾಟರಿಯಿಲ್ಲದೆ, ಕೈ ತಾಗಿಸದೆ ನಡೆಯುವ ಈ ಆಟವನ್ನು ನೂರನೆಯ ಸಲ ನೋಡಿದರೂ ಬೇಸರವಾಗದು!

ಕೇಡಿಯ ಪಟ್ಟಿಯಲ್ಲಿ 5ನೇ ನಂಬರು ಹಳೆಯ ಪರಿಚಿತ. ಅದನ್ನು ನಡುವಿಗೆ ತಂದು ನಿಲ್ಲಿಸಲು ಪ್ರತ್ಯೇಕ ಸ್ಪ್ರಿಂಗ್ ತಗಡು ಬೇಕು. 148ರಲ್ಲಿ ಬೆಕ್ಕಿನ ಮೀಸೆಯಂಥ ಎರಡು ಸ್ಪ್ರಿಂಗುಗಳು ಕೊಂಡಿಗೇ ಸೇರಿವೆ, ಜೋಡಿಸುವುದು ಸುಲಭ. ಎತ್ತರ ಹೊಂದದಿದ್ದರೆ ‘ಅಂಡರ್‌ಸೆಟ್’, ‘ಓವರ್‌ಸೆಟ್’ ಎಂಬ ಬಗೆಗಳಿವೆ. ಇಲ್ಲಿ ಎಚ್ಚರ ಬೇಕು. ಅಂಡರ್ ಎಂದಾಕ್ಷಣ ತಲೆ ಕೆಳಗಿಳಿಯುತ್ತದೆ ಎಂದು ಅನೇಕರು ಕೊಂಡುಬಿಡುತ್ತಾರೆ. ಆ ಹೆಸರು ಹೇಳುವುದು ತಲೆಯ ವಿಷಯವನ್ನಲ್ಲ, ತಲೆಯನ್ನು ಪೆಟ್ಟಿಗೆಗೆ ಸೇರಿಸುವ ಹಿಡಿಯ ವಿಷಯವನ್ನು. ಹಿಡಿ ಕೆಳಗಿದ್ದರೆ ತಲೆ ಮೇಲೆ. ಹಾಗಾಗಿ ಕೊಂಡಿ ತೀರ ಕೆಳಗಿದ್ದಾಗ ಬೇಕಾದದ್ದು ಅಂಡರ್‌ಸೆಟ್, ಮೇಲಿದ್ದಾಗ ಓವರ್‌ಸೆಟ್.

ಬೋಗಿಯ ಕಡೆಯಿಂದಲೂ ಎತ್ತರ ಬದಲಾಗುತ್ತದೆ. 33 ಇಂಚಿನ ಗಾಲಿ ಎಚ್‌ಒದಲ್ಲಿ ಸುಮಾರು 9.6 ಮಿ.ಮೀ., 36 ಇಂಚಿನದು 10.5. ದೊಡ್ಡದನ್ನು ಹಾಕಿದರೆ ವ್ಯಾಗನ್ ಅರ್ಧ ಮಿ.ಮೀ.ಗೆ ತುಸು ಕಡಿಮೆ ಮೇಲೇಳುತ್ತದೆ, ಅದರೊಂದಿಗೆ ಕೊಂಡಿಯೂ. ಗಾಲಿಯ ಅಚ್ಚಿನ ತುದಿಗಳು ಸೂಜಿಮೊನೆಯಂತೆ ಚೂಪಾಗಿ, ಪಕ್ಕದ ಚೌಕಟ್ಟಿನ ಕುಳಿಯಲ್ಲಿ ಕೂರುತ್ತವೆ. ಅಚ್ಚು ಕೂದಲೆಳೆಯಷ್ಟು ಉದ್ದವಾದರೆ ಬಿಗಿದು ನಿಲ್ಲುತ್ತದೆ; ಗಿಡ್ಡವಾದರೆ ಗಾಲಿ ಅಲುಗುತ್ತದೆ, ವ್ಯಾಗನ್ ಕುಸಿಯುತ್ತದೆ. ಕೊಂಡಿ ತಗ್ಗಿದ್ದರೆ ಬೋಗಿಗೂ ತಳಕ್ಕೂ ನಡುವೆ 0.010 ಅಥವಾ 0.015 ಇಂಚಿನ ವಾಷರ್ ಇಟ್ಟರೆ ಸಾಕು.

ಹಳೆಯ ಬೋಗಿ ಪ್ಲಾಸ್ಟಿಕ್ ಗೂಟದಿಂದ ಸಿಕ್ಕಿಸಿದ್ದಾಗಿದ್ದು ತೂತು ದೊಡ್ಡದಾಗಿದ್ದರೆ, ಅದನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮುಚ್ಚಿ, ಅಂಟು ಒಣಗಿದ ಮೇಲೆ ಹೊಸದಾಗಿ ಕೊರೆದು 2-56 ಅಳತೆಯ ಸ್ಕ್ರೂಗೆ ಥ್ರೆಡ್ ಕೊರೆಯುವುದು ವಾಡಿಕೆ. ಆದರೆ ಎರಡು ಬೋಗಿಗಳ ಸ್ಕ್ರೂಗಳನ್ನೂ ಒಂದೇ ಸಮ ಬಿಗಿಯಬಾರದು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಅಲುಗುವುದಿಲ್ಲ. ನಾಲ್ಕು ಕಲ್ಲಿಟ್ಟರೆ ಒಂದಲ್ಲ ಒಂದು ಕಲ್ಲು ತಾಗದೆ ಉಳಿಯುತ್ತದೆ. ವ್ಯಾಗನ್ನಿನಲ್ಲೂ ಅಷ್ಟೇ. ಒಂದು ಬೋಗಿ ಅಡ್ಡಡ್ಡ ತಿರುಗಲಿ, ಆದರೆ ವಾಲದಿರಲಿ. ಇನ್ನೊಂದನ್ನು ಸಡಿಲ ಬಿಟ್ಟರೆ ಎಲ್ಲ ದಿಕ್ಕಿಗೂ ತೂಗುತ್ತದೆ. ಆಗ ಭಾರ ಮೂರು ಬಿಂದುಗಳ ಮೇಲೆ ಕೂತು, ಏರುಪೇರಿನ ಹಳಿಯಲ್ಲೂ ಎಂಟೂ ಗಾಲಿಗಳು ನೆಲೆ ಬಿಡುವುದಿಲ್ಲ. ಹೊಸ ಕೊಂಡಿ ಹಾಕಿದರೂ ವ್ಯಾಗನ್ ಹಳಿ ತಪ್ಪುತ್ತಿದ್ದರೆ ಮೊದಲು ಈ ಸ್ಕ್ರೂಗಳನ್ನು ನೋಡಬೇಕು. ಆಮೇಲೆ ತೂಕ: ಅಮೆರಿಕದ ಮಾದರಿ ರೈಲು ಸಂಘದ ಶಿಫಾರಸಿನಂತೆ ಎಚ್‌ಒಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಲವತ್ತು ಅಡಿಯ ಬಾಕ್ಸ್‌ಕಾರ್‌ಗೆ ಇದು ಸುಮಾರು 106 ಗ್ರಾಂ.

ಕಾಲಕ್ಕೆ ತಕ್ಕ ಬೋಗಿ ಆರಿಸುವುದು ಇನ್ನೊಂದು ಅಧ್ಯಯನ. ಪಟ್ಟಿಗಳನ್ನು ಬೋಲ್ಟಿನಿಂದ ಜೋಡಿಸಿದ ‘ಆರ್ಚ್‌ಬಾರ್’ ಬೋಗಿಗಳ ಬೋಲ್ಟುಗಳು ಸಡಿಲಾಗುತ್ತಿದ್ದವು. 1940ರ ಹೊತ್ತಿಗೆ ಅಮೆರಿಕದಲ್ಲಿ ಒಂದು ರೈಲ್ವೆಯಿಂದ ಇನ್ನೊಂದಕ್ಕೆ ದಾಟುವ ವ್ಯಾಗನ್‌ಗಳಲ್ಲಿ ಅವನ್ನು ನಿಷೇಧಿಸಲಾಯಿತು. 1970ರ ಮಾದರಿಗೆ ಅವನ್ನು ತೊಡಿಸಿದರೆ ಬಲ್ಲವರ ಕಣ್ಣು ತಕ್ಷಣ ಹಿಡಿಯುತ್ತದೆ.

ಇದನ್ನು ಕಲಿಯಲು ಅಮೆರಿಕದವರೆಗೂ ಹೋಗಬೇಕಾಗಿಲ್ಲ. ಹೊಸಪೇಟೆಯ ಪ್ಲಾಟ್‌ಫಾರಂನಲ್ಲಿ ನಿಂತು ಅದಿರು ಹೊತ್ತ ಗೂಡ್ಸ್ ಗಾಡಿಯನ್ನು ನೋಡಿದರೆ, ಬಾಕ್ಸ್‌ಎನ್ ವ್ಯಾಗನ್‌ಗಳ ಕೆಳಗೆ ಎರಕದ ಉಕ್ಕಿನ ಕ್ಯಾಸ್ನಬ್ ಬೋಗಿಗಳೂ ನಡುವೆ ಜಾನಿಯ ವಂಶದ ಮಡಚಿದ ಬೆರಳುಗಳೂ ಕಾಣುತ್ತವೆ. ಮುಂದಿನ ಸಲ ಗೂಡ್ಸ್ ಗಾಡಿ ಹೊರಡುವಾಗ ಎಂಜಿನ್ನನ್ನು ಬಿಟ್ಟು ಆ ಬೆರಳುಗಳನ್ನೇ ಗಮನಿಸಿ: ಒಂದೊಂದೇ ಕೊಂಡಿ ಬಿಗಿಯುತ್ತ, ಮುಂದಿನಿಂದ ಹಿಂದಕ್ಕೆ ‘ಖಣ್ ಖಣ್’ ಎಂದು ಸದ್ದು ಸಾಗುತ್ತದೆ.