ಕಿರುತಟ್ಟೆಗಳ ಲೆಕ್ಕ

ಡೊಂಬಿವಲಿಯ ನಾವು ನಾಲ್ವರು ಮಿತ್ರರು ಈಚೆಗೆ ನವಿ ಮುಂಬಯಿಯ ಕೊರಿಯನ್ ಭೋಜನಶಾಲೆಯೊಂದಕ್ಕೆ ಹೋಗಿದ್ದೆವು. ಮೇಜಿನ ನಡುವೆ ಹತ್ತಾರು ಪುಟ್ಟ ತಟ್ಟೆಗಳು. ಎಲ್ಲರೂ ಅವುಗಳಿಂದಲೇ ಹಂಚಿಕೊಂಡು ಉಣ್ಣಬೇಕು. ಇವನ್ನು ಕೊರಿಯನ್ನರು 'ಬಾಂಚಾನ್' ಎನ್ನುತ್ತಾರೆ. ನಮ್ಮ ಬಾಳೆಯೆಲೆಯ ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳಂತೆ ಇವೂ ಅನ್ನದ ಜೊತೆಗಾರರು.

ಅವುಗಳಲ್ಲಿ ಅಗ್ರಸ್ಥಾನ ಕಿಮ್ಚಿಗೆ. ಚೀನೀ ಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿಗಳನ್ನು ಸವರಿ ಹುಳಿಬರಿಸುತ್ತಾರೆ. ಕೊಳೆಸುವ ಸೂಕ್ಷ್ಮಜೀವಿಗಳನ್ನು ಉಪ್ಪು ತಡೆಯುತ್ತದೆ. ಉಪ್ಪನ್ನು ತಾಳಬಲ್ಲ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಬೆಳೆದು ಹುಳಿಯನ್ನು ಕೊಡುತ್ತವೆ. ನಮ್ಮ ಇಡ್ಲಿಹಿಟ್ಟು ಹುಳಿಯುವುದೂ ಇವುಗಳ ಬಂಧುಗಳಿಂದಲೇ. ಚಳಿಗಾಲಕ್ಕೆ ಮುನ್ನ ನೆರೆಹೊರೆಯವರು ಕೂಡಿ ಕಿಮ್ಚಿ ಹಾಕುವ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಗೆಯಲ್ಲಿ ನಮ್ಮ ತಾಯಂದಿರು ಕೂಡಿ ಹಪ್ಪಳ ಒತ್ತುತ್ತಿದ್ದುದೂ ಅಂಥದೇ ಕೂಟವಲ್ಲವೇ!

ಆದರೆ ಉಪ್ಪಿನ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀಚಮಚದೊಳಗೆ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಿಮ್ಚಿ, ಸೋಯಾ ಸಾಸ್, ಮೆಣಸಿನ ಗೊಜ್ಜಾದ ಗೋಚುಜಾಂಗ್, ಮೂರರಲ್ಲೂ ಉಪ್ಪು ಧಾರಾಳ. ಬ್ಯಾಂಕಿನವರಿಗೆ ಗೊತ್ತು, ಲೆಕ್ಕ ತಪ್ಪಿಸುವುದು ಚಿಲ್ಲರೆ ಖರ್ಚೇ. ನಮ್ಮೊಳಗೆ ಒಬ್ಬರು ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು. "ಒಂದು ಚೂರು ತಾನೇ" ಎನ್ನುತ್ತ ಅವರ ಕೈ ಮತ್ತೆ ಮತ್ತೆ ಕಿಮ್ಚಿಯತ್ತಲೇ ಹೋಗುತ್ತಿತ್ತು. ಅಂಥವರು ಮೊದಲೇ ತಮ್ಮ ಪಾಲನ್ನು ಬೇರೆ ತಟ್ಟೆಗೆ ಬಡಿಸಿಕೊಂಡು, ಅನ್ನ, ಬೇಯಿಸಿದ ತರಕಾರಿಗಳಿಂದ ಹೊಟ್ಟೆ ತುಂಬಿಸಿಕೊಳ್ಳುವುದು ಲೇಸು. ಸಸ್ಯಾಹಾರಿಗಳೂ ಕೇಳಿಯೇ ತಿನ್ನಬೇಕು: ಕಿಮ್ಚಿಗೆ ಮೀನಿನ ರಸವನ್ನೋ ಉಪ್ಪು ಹಾಕಿದ ಸಿಗಡಿಯನ್ನೋ ಸೇರಿಸುವುದು ಅಲ್ಲಿನ ವಾಡಿಕೆ.