ಪಾತ್ರೆ ತೊಳೆಯುವ ಯಂತ್ರ: ಕಪಾಟಿನ ಒಳಗೋ, ಹೊರಗೋ?

ಮಹಾನಗರಗಳಲ್ಲಿ ಪತಿಪತ್ನಿಯರಿಬ್ಬರೂ ದುಡಿಯುವುದು ಇಂದು ಸಾಮಾನ್ಯ ಸಂಗತಿ. ಆದರೆ ರಾತ್ರಿಯ ಊಟವಾದ ಬಳಿಕ ಸಿಂಕಿನಲ್ಲಿ ರಾಶಿಬಿದ್ದ ಮುಸುರೆಯನ್ನು ತೊಳೆಯುವವರು ಯಾರೆಂಬ ಪ್ರಶ್ನೆ ಹಳೆಯದಾಗಿಯೇ ಉಳಿದಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಅನೇಕ ಕುಟುಂಬಗಳು ಪಾತ್ರೆ ತೊಳೆಯುವ ಯಂತ್ರದ ಕಡೆಗೆ ದೃಷ್ಟಿ ಹೊರಳಿಸಿದವು.

ಯಂತ್ರವೇನೋ ಹೊಸದಲ್ಲ. ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1893ರಲ್ಲಿ ಶಿಕಾಗೋ ನಗರದ ವಿಶ್ವಮೇಳದಲ್ಲಿ ಅದು ಪ್ರದರ್ಶಿತವಾಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿಯೇ ನಡೆದಿತ್ತು.

ಆರೋಗ್ಯದ ದೃಷ್ಟಿಯಿಂದ

ದಿನವೂ ಬಹಳ ಹೊತ್ತು ಕೈಗಳು ನೀರಿನಲ್ಲಿಯೂ ಸಾಬೂನಿನಲ್ಲಿಯೂ ನೆನೆಯುವುದರಿಂದ ಚರ್ಮವು ಒಣಗಿ ಬಿರಿಯುತ್ತದೆ. ತುರಿಕೆ, ಉಗುರುಸುತ್ತು ಮೊದಲಾದವು ಕಾಣಿಸಿಕೊಳ್ಳುತ್ತವೆ. ಮೊಣಕಾಲು ನೋವಿರುವ ವೃದ್ಧರಿಗೆ ಸಿಂಕಿನ ಮುಂದೆ ನಿಂತಿರುವುದೇ ಶಿಕ್ಷೆ. ಕೈಗಳು ತಾಳಲಾರದಷ್ಟು ಬಿಸಿನೀರನ್ನು, ಕೆಲವು ಕ್ರಮಗಳಲ್ಲಿ 65ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ, ಯಂತ್ರವು ಬಳಸಬಲ್ಲದು. ಇದರಿಂದ ಜಿಡ್ಡು ಕರಗುವುದಲ್ಲದೆ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುತ್ತವೆ.

ಎರಡು ಬಗೆಗಳು

ಕೊಳ್ಳುವವರಿಗೆ ಮೊದಲು ಎದುರಾಗುವ ಆಯ್ಕೆ ಯಂತ್ರದ ಬಗೆಯದು. ಕಪಾಟಿನೊಳಗೆ ಕೂರಿಸುವ ಯಂತ್ರಕ್ಕೆ ಸ್ವಂತ ಮೇಲ್ಹಲಗೆಯಾಗಲಿ, ನೋಟಕ್ಕೆ ಒಪ್ಪುವ ಬದಿಗಳಾಗಲಿ ಇರುವುದಿಲ್ಲ. ಗ್ರಾನೈಟ್ ಕಟ್ಟೆಯ ಕೆಳಗೆ ಅಳತೆಗೆ ತಕ್ಕಂತೆ ಜಾಗ ಮಾಡಿ, ಸುತ್ತಲಿನ ಮರಗೆಲಸಕ್ಕೆ ಅದನ್ನು ಬಿಗಿಯಬೇಕು. ಅಡುಗೆಮನೆ ಅಚ್ಚುಕಟ್ಟಾಗಿ ಕಾಣುತ್ತದೆ, ಸದ್ದೂ ತುಸು ಕಡಿಮೆ. ಬಿಡಿಯಾಗಿ ನಿಲ್ಲುವ ಯಂತ್ರವಾದರೋ ಬಟ್ಟೆ ಒಗೆಯುವ ಯಂತ್ರದಂತೆ ತನ್ನ ಕಾಲಮೇಲೆ ತಾನೇ ನಿಲ್ಲುವುದು. ನೀರಿನ ನಲ್ಲಿ, ಕೊಳೆನೀರು ಹೋಗುವ ಕೊಳವೆ, ಭೂಸಂಪರ್ಕವುಳ್ಳ 16 ಆಂಪಿಯರ್ ವಿದ್ಯುತ್ ಸಾಕೆಟ್, ಈ ಮೂರು ಇದ್ದರೆ ಸಾಕು. ಎರಡು ಬಗೆಗಳಲ್ಲಿಯೂ ಸಾಮಾನ್ಯ ಅಗಲ ಸುಮಾರು 60 ಸೆಂಟಿಮೀಟರ್. ಚಿಕ್ಕ ಸಂಸಾರಕ್ಕೆ 45 ಸೆಂಟಿಮೀಟರಿನ ಯಂತ್ರಗಳೂ ದೊರೆಯುತ್ತವೆ. ಒಳಗೆ ನಡೆಯುವ ಕೆಲಸದಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ. ಆದುದರಿಂದ ಆಯ್ಕೆಯು ಯಂತ್ರದ ಗುಣಕ್ಕಿಂತ ಮನೆಯ ಸ್ಥಿತಿಯನ್ನು ಅವಲಂಬಿಸಿದೆ.

ಲೆಕ್ಕದ ಮಾತು

ಎರಡು ಕುಟುಂಬಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲನೆಯದು ಮುಂಬಯಿಯಲ್ಲಿ 11 ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿದೆ. ಅದು ಯಾವಾಗ ಬೇಕಾದರೂ ಪುಣೆಗೋ ಹೈದರಾಬಾದಿಗೋ ವರ್ಗವಾಗಬಹುದು. ಈ ಕುಟುಂಬವು ಕಪಾಟಿನೊಳಗಿನ ಯಂತ್ರವನ್ನು ಕೊಂಡರೆ ಬಡಗಿಗೆ ತೆತ್ತ ಹಣ ಆ ಮನೆಯಲ್ಲಿಯೇ ಉಳಿಯುತ್ತದೆ. ಹೊಸ ಮನೆಯಲ್ಲಿ ಜಾಗದ ಅಳತೆ ಹೊಂದದಿದ್ದರೆ ಯಂತ್ರವೂ ಮೂಲೆ ಸೇರುತ್ತದೆ. ಬಿಡಿಯಾಗಿ ನಿಲ್ಲುವುದನ್ನು ಲಾರಿಯಲ್ಲಿ ಹೇರಿಕೊಂಡು ಹೋಗಬಹುದು. ಎರಡನೆಯ ಕುಟುಂಬ ಸ್ವಂತ ಫ್ಲಾಟಿನಲ್ಲಿದ್ದು, ಅಡುಗೆಮನೆಯನ್ನು ಹೇಗೂ ಹೊಸದಾಗಿ ಕಟ್ಟಿಸುತ್ತಿದೆ. ಮರಗೆಲಸದ ಖರ್ಚು ಅವರಿಗೆ ತಪ್ಪಿದ್ದಲ್ಲವಾದ್ದರಿಂದ ಕಪಾಟಿನೊಳಗಿನ ಯಂತ್ರ ಅವರಿಗೆ ಒಪ್ಪುತ್ತದೆ. ಒಂದು ಚರಾಸ್ತಿ, ಇನ್ನೊಂದು ಬಹುಮಟ್ಟಿಗೆ ಸ್ಥಿರಾಸ್ತಿ ಎಂದು ತಿಳಿದರೆ ತಪ್ಪಾಗದು. ದುರಸ್ತಿಯ ಸಮಯದಲ್ಲಿ ಬಿಗಿದ ಯಂತ್ರವನ್ನು ಹೊರತೆಗೆಯುವುದೇ ಒಂದು ಕೆಲಸವೆಂಬುದನ್ನೂ ಮರೆಯಬಾರದು.

ಹಳೆಯ ಕಟ್ಟಡಗಳಲ್ಲಿ ಕಟ್ಟೆಯನ್ನು ಇಟ್ಟಿಗೆಯ ಗೋಡೆಗಳ ಮೇಲೆ ನಿಲ್ಲಿಸಿರುತ್ತಾರೆ. ಅವುಗಳ ನಡುವಣ ಅಂತರವನ್ನೂ ಕಟ್ಟೆಯ ಎತ್ತರವನ್ನೂ ಅಳೆಯದೆ ಮುಂಗಡ ಕೊಡಬಾರದು. ಟ್ಯಾಂಕಿಗೆ ತೀರ ಸಮೀಪವಾದ ಮೇಲಂತಸ್ತಿನಲ್ಲಿ ನೀರಿನ ಒತ್ತಡ ಕಡಿಮೆಯಿರುವುದರಿಂದ ಅದನ್ನೂ ಮೊದಲೇ ಪರೀಕ್ಷಿಸಿಕೊಳ್ಳತಕ್ಕದ್ದು.

ಕೆಲವು ಎಚ್ಚರಿಕೆಗಳು

ಕೊಳವೆಬಾವಿಯ ಗಡಸು ನೀರು ಬರುವ ಬಡಾವಣೆಗಳಲ್ಲಿ ಯಂತ್ರಕ್ಕೆಂದೇ ತಯಾರಾದ ಉಪ್ಪನ್ನು ಹಾಕದಿದ್ದರೆ ಲೋಟಗಳ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅಡುಗೆಯ ಪುಡಿ ಉಪ್ಪು ಇದಕ್ಕೆ ಸಲ್ಲದು. ಸ್ಟೀಲು, ಗಾಜು, ಪಿಂಗಾಣಿ ನಿರಾತಂಕವಾಗಿ ತೊಳೆಯಲ್ಪಡುತ್ತವೆ. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ ಕುಕ್ಕರು, ಹಿತ್ತಾಳೆ ಮತ್ತು ತಾಮ್ರದ ಪಾತ್ರೆ, ಮರದ ಸೌಟುಗಳಿಗೆ ಕೈಯೇ ಲೇಸು. ತಳಹತ್ತಿದ ಅನ್ನವನ್ನೂ ಕರಿಬೇವಿನ ಎಲೆಯನ್ನೂ ತೆಗೆದ ಮೇಲೆಯೇ ಪಾತ್ರೆಯನ್ನು ಒಳಗಿಡಬೇಕು. ಜಾಲರಿಯನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಇಲ್ಲವಾದರೆ ಕೊಳೆತ ಆಹಾರವು ಅಲ್ಲಿಯೇ ನಿಂತು ದುರ್ವಾಸನೆ ಹುಟ್ಟುತ್ತದೆ. ಯಂತ್ರದ ಮಾರ್ಜಕವು ತೀಕ್ಷ್ಣ ಕ್ಷಾರವಾದುದರಿಂದ ಮಕ್ಕಳ ಬಾಯಿಗೂ ಕಣ್ಣಿಗೂ ಅಪಾಯಕಾರಿ. ಬಣ್ಣದ ಮಾತ್ರೆಗಳನ್ನು ಅವರು ಮಿಠಾಯಿಯೆಂದು ಭ್ರಮಿಸುವ ಸಂಭವವಿದೆ. ಅವನ್ನು ಎತ್ತರದಲ್ಲಿ, ಬೀಗದೊಳಗೆ ಇಡುವುದು ಅವಶ್ಯ.

ಯಂತ್ರ ಬಂದ ಮಾತ್ರಕ್ಕೆ ಬಹುಕಾಲದಿಂದ ಮನೆಗೆ ಬರುತ್ತಿರುವ ಕೆಲಸದಾಕೆಯ ಅನ್ನವನ್ನು ಕಿತ್ತುಕೊಳ್ಳಬೇಕಾಗಿಲ್ಲ. ಕಾವಲಿ, ಕುಕ್ಕರು, ಮನೆಯ ಇತರ ಕೆಲಸಗಳು ಆಕೆಗೆ ಉಳಿದೇ ಇರುತ್ತವೆ. ನೀರಿನಲ್ಲಿ ನೆನೆದು ಬಿರಿಯುವ ಕೈಗಳು ಆಕೆಯವೂ ಹೌದು. ಅಂಗಡಿಯ ಹೊಳಪಿಗೆ ಮರುಳಾಗುವ ಮೊದಲು ಗೃಹಸ್ಥರು ಒಂದು ಅಳತೆಪಟ್ಟಿಯನ್ನೂ ಬಾಡಿಗೆಯ ಕರಾರುಪತ್ರವನ್ನೂ ಎದುರಿಗಿಟ್ಟುಕೊಂಡರೆ ಒಳಗೋ ಹೊರಗೋ ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.