ಮಳೆಗೆ ನಿಲ್ಲುವ ಪವರ್ ರ್‍ಯಾಕ್: ಮೂರು ಪೈಪು, ಐದು ಕಿಲೋ ಸತು

ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ 30×40 ಅಡಿ ಸೈಟಿನ ಮನೆಗೆ ತಾರಸಿಯೇ ಬಯಲು. ಅಲ್ಲಿ ಪವರ್ ರ್‍ಯಾಕ್ (ಭಾರದ ಬಾರ್ ಹೊರುವ ನಾಲ್ಕು ಕಂಬದ ಚೌಕಟ್ಟು) ನಿಲ್ಲಿಸಿ ಸ್ಕ್ವಾಟ್, ಬೆಂಚ್ ಪ್ರೆಸ್ ಮಾಡಬೇಕೆನ್ನುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಮಳೆಯನ್ನು. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 1,000 ಮಿ.ಮೀ. ಬೀಳುತ್ತದೆ. ಜಿಮ್‌ನ ಒಳಗಿಡಲೆಂದು ಬಣ್ಣ ಹೊಡೆದು ಮಾರುವ ರ್‍ಯಾಕ್ ಇದಕ್ಕೆ ತಕ್ಕದ್ದಲ್ಲ. ಕಾಮಾಕ್ಷಿಪಾಳ್ಯದ ಫ್ಯಾಬ್ರಿಕೇಶನ್ ಶೆಡ್‌ಗಳು ಹತ್ತಿರದಲ್ಲೇ ಇರುವಾಗ ಅಳತೆ ಕೊಟ್ಟು ಮಾಡಿಸುವುದೇ ಮೇಲು. ಆದರೆ ಅಳತೆ ನಮಗೆ ಗೊತ್ತಿರಬೇಕು.

ಪೈಪಿನಿಂದ ಶುರು ಮಾಡೋಣ. 50×50 ಮಿ.ಮೀ. ಚೌಕ ಪೈಪು 2 ಮಿ.ಮೀ. ದಪ್ಪದ್ದಾದರೆ ಮೀಟರ್‌ಗೆ 3 ಕಿಲೋ ತೂಗುತ್ತದೆ. ಅದನ್ನೇ 3 ಮಿ.ಮೀ.ಗೆ ಏರಿಸಿದರೆ ತೂಕ 4.4 ಕಿಲೋ, ಬಾಗದೆ ನಿಲ್ಲುವ ಬಿಗುವು ಮಾತ್ರ 1.4 ಪಟ್ಟು. ಹೆಚ್ಚುಕಡಿಮೆ ಅಷ್ಟೇ ಉಕ್ಕನ್ನು 75×75ರ 2 ಮಿ.ಮೀ. ಪೈಪಿನಲ್ಲಿ ಕೊಂಡರೆ (4.6 ಕಿಲೋ) ಬಿಗುವು ಮೂರೂವರೆ ಪಟ್ಟಾಗುತ್ತದೆ. 75×75ರಲ್ಲಿ 3 ಮಿ.ಮೀ. ತೆಗೆದುಕೊಂಡರೆ ಮೀಟರ್‌ಗೆ 6.7 ಕಿಲೋ, ಬಿಗುವು ಐದು ಪಟ್ಟು. ಹಾಗಾಗಿ ದಪ್ಪದ ಬಗ್ಗೆ ಚೌಕಾಸಿ ಮಾಡುವ ಮೊದಲು ಅಗಲ ಕೇಳಿ. ಬಯಲಿಗೆ ನನ್ನ ಆಯ್ಕೆ 75×75×3.

ಎಷ್ಟು ಪೈಪು ಬೇಕು? 2.4 ಮೀಟರ್ ಎತ್ತರದ ನಾಲ್ಕು ಕಂಬ, 1.1 ಮೀಟರ್‌ನ ಏಳು ಅಡ್ಡಪಟ್ಟಿ, ಒಟ್ಟು 17.3 ಮೀಟರ್. ಅಂಗಡಿಯಲ್ಲಿ ಪೈಪು 6 ಮೀಟರ್ ಉದ್ದಕ್ಕೆ ಬರುತ್ತದೆ. ಎರಡು ಪೈಪುಗಳಲ್ಲಿ ತಲಾ ಎರಡು ಕಂಬ ಮತ್ತು ಒಂದು ಪಟ್ಟಿ, ಮೂರನೆಯದರಲ್ಲಿ ಉಳಿದ ಐದು ಪಟ್ಟಿ ಹೊರಡುತ್ತವೆ. ಕಂಬವನ್ನು 2.5 ಮೀಟರ್ ಮಾಡಿದಿರೋ, ನಾಲ್ಕನೆಯ ಪೈಪು ಕೊಳ್ಳಬೇಕು! ಅಗಲವನ್ನೂ ಮನಸ್ಸಿಗೆ ಬಂದಂತೆ ಹಿಗ್ಗಿಸುವಂತಿಲ್ಲ. 2.2 ಮೀಟರ್‌ನ ಒಲಿಂಪಿಕ್ ಬಾರ್‌ನಲ್ಲಿ ಎರಡು ಕಾಲರ್‌ಗಳ ನಡುವೆ ಇರುವುದು 1.31 ಮೀಟರ್. ಈ ರ್‍ಯಾಕಿನ ಹೊರ ಅಗಲ 1.25 ಮೀಟರ್, ಆಚೆಗೂ ಈಚೆಗೂ ಮೂರು ಮೂರು ಸೆಂ.ಮೀ. ಮಾತ್ರ ಉಳಿಯುತ್ತದೆ.

ತುಕ್ಕಿನ ಲೆಕ್ಕ ಇದಕ್ಕಿಂತ ಮುಖ್ಯ. ಈ ಪೈಪುಗಳ ಹೊರಮೈ 5.2 ಚದರ ಮೀಟರ್. ಒಳಮೈ ಇನ್ನೂ 4.8 ಚದರ ಮೀಟರ್. ಬ್ರಷ್ ಆಗಲಿ, ಪೌಡರ್ ಕೋಟಿಂಗ್ ಆಗಲಿ ಆ ಒಳಗಿನ ಅರ್ಧವನ್ನು ಮುಟ್ಟುವುದಿಲ್ಲ. ಕಂಬಕ್ಕೆ 5 ಸೆಂ.ಮೀ.ಗೊಂದರಂತೆ 40 ತೂತು, ನಾಲ್ಕು ಕಂಬಕ್ಕೆ 160. ತೂತು ಎರಡೂ ಗೋಡೆ ದಾಟುವುದರಿಂದ 320 ಕಡೆ ಉಕ್ಕಿನ ಅಂಚು ಬಯಲಾಗುತ್ತದೆ, ಅಲ್ಲಿಂದಲೇ ಮಳೆನೀರು ಒಳಗಿಳಿಯುತ್ತದೆ. ಮೊದಲೇ ಸತು ಲೇಪಿಸಿದ ಜಿಐ ಪೈಪು ತಂದು ಆಮೇಲೆ ತೂತು ಕೊರೆದು ವೆಲ್ಡ್ ಮಾಡಿದರೂ ಅದೇ ಕಥೆ, ವೆಲ್ಡಿಂಗ್ ಆದಲ್ಲಿ ಸತು ಸುಟ್ಟುಹೋಗುತ್ತದೆ. ಕತ್ತರಿಸಿ, ಕೊರೆದು, ವೆಲ್ಡಿಂಗ್ ಮುಗಿಸಿದ ಮೇಲೆ ಭಾಗಗಳನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿಸುವುದೇ ಸರಿಯಾದ ದಾರಿ. ಭಾರತೀಯ ಮಾನದಂಡ ಐಎಸ್ 4759 ಪ್ರಕಾರ 2ರಿಂದ 5 ಮಿ.ಮೀ. ದಪ್ಪದ ಉಕ್ಕಿಗೆ ಚದರ ಮೀಟರ್‌ಗೆ 460 ಗ್ರಾಂ ಸತು ಕೂರಬೇಕು, ಅಂದರೆ ಸುಮಾರು 64 ಮೈಕ್ರಾನ್ ಪದರ. ಒಳಹೊರಗೆ ಸೇರಿ ನಮ್ಮ ಪೈಪುಗಳಿಗೆ 4.6 ಕಿಲೋ. ಮಧ್ಯಮ ತರದ ಹವೆಯಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ ಎಂಬ ಐಎಸ್‌ಒ ಮಾನದಂಡ ಹಿಡಿದರೆ, ಕಡಿಮೆಯೆಂದರೂ 30 ವರ್ಷ. ಕಂಬದ ತಲೆಗೆ ಮುಚ್ಚಳ, ಬುಡದಲ್ಲಿ ನೀರು ಹರಿದುಹೋಗಲು 10 ಮಿ.ಮೀ. ತೂತು ಮರೆಯಬೇಡಿ. ನಿಂತ ನೀರು ಬುಡವನ್ನೇ ಮೊದಲು ತಿನ್ನುತ್ತದೆ.

ಭಾರದ ವಿಷಯ. ಕುಂದಾಪುರದ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 61 ಕಿಲೋ ವಿಭಾಗದ ಕಂಚು ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 151 ಕಿಲೋ. ನಾವು 150 ಹಿಡಿಯೋಣ. ಸ್ಕ್ವಾಟ್‌ನಲ್ಲಿ ಕೈಸೋತು ಅಷ್ಟು ಭಾರ 30 ಸೆಂ.ಮೀ. ಬಿದ್ದು, ಉಕ್ಕಿನ ಸೇಫ್ಟಿ ಬಾರ್ ಮೇಲೆ 1 ಸೆಂ.ಮೀ.ನಲ್ಲಿ ನಿಂತರೆ ಸರಾಸರಿ ಹೊಡೆತ 4,650 ಕಿಲೋ ತೂಕದಷ್ಟು. 3 ಸೆಂ.ಮೀ. ತಗ್ಗುವ ನೈಲಾನ್ ಪಟ್ಟಿಯಾದರೆ 1,650. ಪಟ್ಟಿಯೇ ಒಳ್ಳೆಯದು, ಆದರೆ ಬಿಸಿಲಿಗೆ ನೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದೊಡನೆ ಬಿಚ್ಚಿ ಒಳಗಿಡಿ.

ತಾರಸಿಗೆ ಕಟ್ಟಡ ಸಂಹಿತೆ ಹೇಳುವ ಭಾರ ಚದರ ಮೀಟರ್‌ಗೆ ಸುಮಾರು 150 ಕಿಲೋ. ರ್‍ಯಾಕ್ 150, ಬಾರ್ ಮತ್ತು ಪ್ಲೇಟ್ 150, ಮನುಷ್ಯ 75: ಇಷ್ಟನ್ನೂ ರ್‍ಯಾಕ್ ನಿಂತ 1.56 ಚದರ ಮೀಟರ್ ಮೇಲೆ ಹಾಕಿದರೆ 240 ಕಿಲೋ ಆಗುತ್ತದೆ. ನಾಲ್ಕು ಮೆರೈನ್ ಪ್ಲೈ ಹಲಗೆಗಳನ್ನು ಎರಡು ಪದರ ಮಾಡಿ 8×8 ಅಡಿಗೆ ಹರಡಿ, ರ್‍ಯಾಕನ್ನು ಅದಕ್ಕೇ ಬೋಲ್ಟ್ ಮಾಡಿದರೆ ಹಲಗೆಯ ತೂಕ ಸೇರಿ 90ರ ಆಸುಪಾಸಿಗೆ ಇಳಿಯುತ್ತದೆ. ತಾರಸಿಯನ್ನು ಕೊರೆಯಬೇಡಿ, ನೀರು ಸೋರುತ್ತದೆ. ಮೇಲೆ ಡೆಡ್‌ಲಿಫ್ಟ್ ಎತ್ತಿ ಹಾಕುವುದಂತೂ ಬೇಡವೇ ಬೇಡ. ಹಳೆಯ ಮನೆಯಾದರೆ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬಾರದು.

ಖರ್ಚು ಎಷ್ಟಾದೀತು? ದರಗಳು ನನ್ನ ಅಂದಾಜು, ನೀವು ವಿಚಾರಿಸಿದ ದರ ತುಂಬಿಕೊಳ್ಳಿ. ಪೈಪು 120 ಕಿಲೋ, ಕೊಕ್ಕೆ, ಪ್ಲೇಟ್, ಪುಲ್‌ಅಪ್ ಪೈಪು 35 ಕಿಲೋ. ಕಿಲೋಗೆ 75 ರೂ.ನಂತೆ 11,625. ಕೂಲಿ, ಕತ್ತರಿಸಿದ ತುಂಡು ಕಳೆದ 150 ಕಿಲೋಗೆ 40ರಂತೆ 6,000. ಸತು ಅದ್ದಿಸಲು 20ರಂತೆ 3,000. ಬೋಲ್ಟ್, ಪಿನ್ 2,000. ಮೊತ್ತ 22,625, ಶೇ. 18 ಜಿಎಸ್‌ಟಿ ಸೇರಿ 26,700 ರೂ. ಪ್ಲೈ, ಬಾರ್, ಪ್ಲೇಟುಗಳು ಬೇರೆ. 30 ವರ್ಷ ಕಾಯುವ ಸತುವಿಗೆ ಹೋಗುವುದು ಇದರಲ್ಲಿ ಎಂಟನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಶೇ. 13. ಬಜೆಟ್ ಬಿಗಿಯಾದರೆ ಪುಲ್ಲಿ, ಡಿಪ್ ಹಿಡಿಕೆಗಳನ್ನು ಆಮೇಲೆ ಮಾಡಿಸಿ. ಸತುವನ್ನೂ ಸೇಫ್ಟಿಯನ್ನೂ ಬಿಡಬೇಡಿ.

ಪೈಪು ಕೊಳ್ಳುವಾಗ ತೂಕದ ಚೀಟಿ ಕೇಳಿ ಪಡೆಯಿರಿ. ಮೂರು ಪೈಪು ಸೇರಿ 120 ಕಿಲೋ ಆಸುಪಾಸು ತೂಗಬೇಕು. ನೂರರ ಹತ್ತಿರ ನಿಂತರೆ ನಿಮಗೆ ಸಿಕ್ಕಿರುವುದು 3 ಮಿ.ಮೀ. ಅಲ್ಲ, ಎರಡೂವರೆ.